ಸ್ವಂತ ಗಾಡಿ ತಗೊಂಡ್ರೆ ಲಾಭಾನಾ? ಸಣ್ಣ ವ್ಯಾಪಾರಿಯ ‘ಟಾಟಾ ಏಸ್’ ಲೆಕ್ಕ

ಡಿಗ್ರಿ ಮುಗಿಸಿ ಕೆಲಸ ಸಿಗದ ಹುಡುಗರಿಗೆ ನಮ್ಮ ಕಡೆ ಸಿಗುವ ಬಿಟ್ಟಿ ಸಲಹೆಗಳಲ್ಲಿ ಮೊದಲನೆಯದು ಇದು: “ಒಂದು ಟಾಟಾ ಏಸ್ ತಗೊಳಪ್ಪ, ಹೆಂಗೋ ಜೀವನ ಆಗುತ್ತೆ.” ಕಿರಾಣಿ ಅಂಗಡಿ, ಬೇಕರಿ, ನೀರಿನ ಕ್ಯಾನ್, ಶಾಮಿಯಾನ ಅಂತ ಏನಾದರೊಂದು ವ್ಯಾಪಾರ ಇಟ್ಟುಕೊಂಡವರಿಗೂ ಅದೇ ಸಲಹೆ, ಧಾಟಿ ಮಾತ್ರ ಬೇರೆ: “ಬಾಡಿಗೆ ಗಾಡಿಗೆ ಸುರಿಯೋ ದುಡ್ಡಲ್ಲಿ ಸ್ವಂತ ಗಾಡಿ ಕಂತು ಕಟ್ಟಬಹುದಲ್ಲ?”

ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾರಿಗೆ ನಿಜ, ಯಾರಿಗೆ ಸುಳ್ಳು ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ಷೋರೂಮಿನವರಿಗೆ ಗಾಡಿ ಹೋದರೆ ಸಾಕು, ಫೈನಾನ್ಸ್‌ನವರಿಗೆ ಸಾಲ ಹೋದರೆ ಸಾಕು, ಸರ್ಕಾರಕ್ಕೆ ಇಷ್ಟು ಜನರಿಗೆ ‘ಸ್ವಯಂ ಉದ್ಯೋಗ’ ಕೊಟ್ಟೆವು ಅಂತ ಅಂಕಿ ತೋರಿಸಿದರೆ ಸಾಕು. ನಾನು ಕೆಲವು ವರ್ಷ ದಾವಣಗೆರೆಯ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೆಲಸ ಮಾಡ್ತೀನಿ. ಗಾಡಿ ಕೊಂಡು ಮೇಲೆದ್ದವರ ಲೆಕ್ಕದ ಪುಸ್ತಕವನ್ನೂ ನೋಡಿದ್ದೀನಿ, ಗಾಡಿ ಕೊಂಡು ಅಂಗಡಿಯನ್ನೇ ಕಳೆದುಕೊಂಡವರ ಪುಸ್ತಕವನ್ನೂ ನೋಡಿದ್ದೀನಿ. ಇಬ್ಬರ ನಡುವಿನ ವ್ಯತ್ಯಾಸ ಹೆಚ್ಚಿನ ಸಲ ಅದೃಷ್ಟದ್ದಲ್ಲ, ಲೆಕ್ಕದ್ದು. ಆ ಲೆಕ್ಕದ ಹಿಂದೆ ಒಂದಿಷ್ಟು ರಾಜಕೀಯವೂ ಇದೆ. ಎರಡನ್ನೂ ಇಲ್ಲಿ ಬಿಡಿಸಿ ಹೇಳ್ತೀನಿ.

ಈ ಗಾಡಿಗಳು ಬಂದದ್ದು ಹೇಗೆ?

ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರ ಮೇ ತಿಂಗಳಲ್ಲಿ. ಅದಕ್ಕೂ ಮುಂಚೆ ಸಣ್ಣ ವ್ಯಾಪಾರಿಗೆ ಇದ್ದ ದಾರಿಗಳು ಎರಡೇ: ಮೂರು ಚಕ್ರದ ಲಗೇಜ್ ಆಟೋ, ಇಲ್ಲಾಂದ್ರೆ ದೊಡ್ಡ ಲಾರಿಯಲ್ಲಿ ಒಂದಿಷ್ಟು ಜಾಗ. ಆಟೋ ಹೆದ್ದಾರಿಗೆ ಹೊಂದಲ್ಲ, ಲಾರಿ ಪೇಟೆಯ ಸಂದಿಯೊಳಗೆ ಬರಲ್ಲ. ಇವೆರಡರ ನಡುವಿನ ಜಾಗಕ್ಕೆ ಬಂದದ್ದು ಈ ನಾಲ್ಕು ಚಕ್ರದ ಪುಟ್ಟ ಗಾಡಿ. ಎರಡು ಸಿಲಿಂಡರಿನ, 702 ಸಿಸಿ ಡೀಸೆಲ್ ಎಂಜಿನ್. ಹೊರುವ ಭಾರ ಮುಕ್ಕಾಲು ಟನ್. ಉತ್ತರ ಕರ್ನಾಟಕದ ಜನ ಇದನ್ನ ‘ಛೋಟಾ ಹಾಥಿ’ ಅಂತ ಕರೆದರು. ಮುಂದೆ ಧಾರವಾಡದ ಟಾಟಾ ಕಾರ್ಖಾನೆಯಲ್ಲೂ ಇದರ ಕುಟುಂಬದ ಗಾಡಿಗಳು ತಯಾರಾದವು.

ಆಮೇಲೆ ಸಾಲುಸಾಲಾಗಿ ಬಂದವು: 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2015ರಲ್ಲಿ ಮಹೀಂದ್ರ ಜೀತೊ, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ. ಮುಚ್ಚಿದ ಗಾಡಿ ಬೇಕಾದವರಿಗೆ ಮಾರುತಿ ಓಮ್ನಿ ಇತ್ತು. 1984ರಿಂದ ಓಡಿದ ಆ ವ್ಯಾನ್‌ನ ತಯಾರಿಕೆ ಹೊಸ ಸುರಕ್ಷತಾ ನಿಯಮಗಳು ಬಂದಾಗ, 2019ರಲ್ಲಿ ನಿಂತಿತು. ಈಗ ಆ ಜಾಗದಲ್ಲಿ ಈಕೋ ಕಾರ್ಗೊ ಇದೆ. 2025ರ ಜೂನ್‌ನಲ್ಲಿ ಟಾಟಾ ಕಂಪನಿ ‘ಏಸ್ ಪ್ರೊ’ ಬಿಟ್ಟಿತು. ಆಗಿನ ಷೋರೂಮ್ ಬೆಲೆ ಪೆಟ್ರೋಲ್ ಗಾಡಿಗೆ 3.99 ಲಕ್ಷ, ಎಲೆಕ್ಟ್ರಿಕ್ ಗಾಡಿಗೆ 6.50 ಲಕ್ಷದಿಂದ ಶುರು.

ಕೊಳ್ಳೋನಿಗೆ ಈಗ ಆಯ್ಕೆಗೇನೂ ಕಮ್ಮಿ ಇಲ್ಲ. ಗಾಡಿ ಯಾವುದು ಅನ್ನೋದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ನಮಗೆ ಗಾಡಿ ಬೇಕಾ ಅನ್ನೋದು.

ಅನುಕೂಲಗಳು: ಇವು ಸುಮ್ಮನೆ ಹೇಳೋ ಮಾತಲ್ಲ

ಮೊದಲನೆಯದು, ಸಮಯ ನಮ್ಮ ಕೈಯಲ್ಲಿರುತ್ತೆ. ಬೇಕರಿಯವನು ಬೆಳಗಿನ ಜಾವ ಐದಕ್ಕೆ ಬ್ರೆಡ್ ಕಳಿಸಬೇಕು. ಬಾಡಿಗೆ ಗಾಡಿಯವನು ಆರೂವರೆಗೆ ಬಂದರೆ ಅಷ್ಟೊತ್ತಿಗೆ ಟೀ ಅಂಗಡಿಯವನು ಬೇರೆ ಕಡೆಯಿಂದ ಬನ್ನು ತಗೊಂಡಿರ್ತಾನೆ. ಹೂವು, ಸೊಪ್ಪು, ಹಾಲು, ಮೀನು ಮಾರುವವರಿಗೆ ಒಂದು ಗಂಟೆ ತಡ ಅಂದರೆ ಅಷ್ಟು ಮಾಲು ಕೆಟ್ಟಿತು ಅಂತಲೇ ಅರ್ಥ.

ಎರಡನೆಯದು, ಸಂದಿಗೊಂದಿ. ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ದುರ್ಗದಬೈಲು, ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಲಿನ ರಸ್ತೆಗಳು ದೊಡ್ಡ ಗಾಡಿಗಾಗಿ ಕಟ್ಟಿದವಲ್ಲ. ಪೊಲೀಸರು ಬೆಳಗ್ಗೆ–ಸಂಜೆ ಹೊತ್ತು ಭಾರಿ ವಾಹನಗಳಿಗೆ ತಡೆ ಹಾಕಿದಾಗ ಪೇಟೆಯ ವ್ಯಾಪಾರ ನಡೆಯೋದೇ ಈ ಪುಟ್ಟ ಗಾಡಿಗಳ ಮೇಲೆ.

ಮೂರನೆಯದು, ಕಾಗದಪತ್ರದ ಹೊರೆ ಸ್ವಲ್ಪ ಕಮ್ಮಿ. ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ, ಗಾಡಿಯ ಸ್ವಂತ ತೂಕ ಮತ್ತು ಸರಕು ಸೇರಿ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಏಸ್, ಜೀತೊ, ಸೂಪರ್ ಕ್ಯಾರಿ ಎಲ್ಲವೂ ಈ ಗೆರೆಯೊಳಗೇ ಬರುತ್ತವೆ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಗೆರೆ ದಾಟುತ್ತವೆ. ಕೊಳ್ಳುವಾಗ ಜಾಹೀರಾತು ನೋಡಬೇಡಿ, ಆರ್‌ಸಿಯಲ್ಲಿ ಬರೆಯುವ ಒಟ್ಟು ತೂಕ ಎಷ್ಟು ಅಂತ ಕೇಳಿ.

ನಾಲ್ಕನೆಯದು, ಲೈಸೆನ್ಸ್. ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದವರು ಹಳದಿ ಬೋರ್ಡಿನ ಸಣ್ಣ ಸರಕು ಗಾಡಿ ಓಡಿಸಬಹುದಾ ಅನ್ನೋದು ಬಹಳ ವರ್ಷ ಗೊಂದಲದಲ್ಲಿತ್ತು. ಅಪಘಾತ ಆದಾಗ ವಿಮಾ ಕಂಪನಿಗಳು ಇದನ್ನೇ ಹಿಡಿದುಕೊಂಡು ಪರಿಹಾರದ ಹೊಣೆಯಿಂದ ಜಾರಿಕೊಳ್ಳುತ್ತಿದ್ದವು. 2017ರಲ್ಲಿ ಸುಪ್ರೀಂ ಕೋರ್ಟ್, 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಅಂಗಡಿಯವರ ಮಗನೋ ಮಗಳೋ ಕಾರಿನ ಲೈಸೆನ್ಸ್‌ನಲ್ಲೇ ಕಾನೂನುಬದ್ಧವಾಗಿ ಲೋಡ್ ಹೊಡೆಯಬಹುದು. ಸಣ್ಣವರ ಪರವಾಗಿ ಬಂದ ದೊಡ್ಡ ತೀರ್ಪು ಇದು. ಸುದ್ದಿಯಲ್ಲಿ ಮಾತ್ರ ಅಷ್ಟಾಗಿ ಬರಲಿಲ್ಲ.

ಈಗ ದುಡ್ಡಿನ ಲೆಕ್ಕ

ಒಂದು ಉದಾಹರಣೆ ಹಾಕೋಣ. ಅಂಕಿಗಳು ನಾನು ಹಿಡಿದವು. ನಿಮ್ಮೂರಿನ ದರ ಹಾಕಿ ನೀವೇ ಬದಲಿಸಿಕೊಳ್ಳಿ.

ಐದು ಲಕ್ಷ ಸಾಲ, ಶೇ 12 ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು 11,122 ರೂಪಾಯಿ. ವಿಮೆಗೆ ವರ್ಷಕ್ಕೆ 30,000 ಅಂತ ಹಿಡಿದರೆ ತಿಂಗಳಿಗೆ 2,500. ಟೈರು, ಸರ್ವಿಸ್, ಎಫ್‌ಸಿ ಅಂತ ಎತ್ತಿಡಬೇಕಾದ್ದು 3,000. ದಿನಕ್ಕೆ 60 ಕಿಲೋಮೀಟರ್, ತಿಂಗಳಿಗೆ 25 ದಿನ ಓಡಿಸಿದರೆ 1,500 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಟ್ಟರೆ 100 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಅಂದರೂ 10,000. ಒಟ್ಟು 26,622 ರೂಪಾಯಿ. ಓಡಿಸುವ ದಿನಕ್ಕೆ ಹಂಚಿದರೆ 1,065.

ಇದು ಮಾಲೀಕನೇ ಓಡಿಸಿದಾಗ. 15,000 ಸಂಬಳಕ್ಕೆ ಡ್ರೈವರ್ ಇಟ್ಟರೆ 41,622, ಅಂದರೆ ದಿನಕ್ಕೆ 1,665.

ಈಗ ಬಾಡಿಗೆ ನೋಡಿ. ಒಂದು ಟ್ರಿಪ್‌ಗೆ 700 ರೂಪಾಯಿ ಅಂತಿಟ್ಟುಕೊಳ್ಳಿ. ದಿನಕ್ಕೊಂದೇ ಟ್ರಿಪ್ ಇರೋನಿಗೆ ತಿಂಗಳಿಗೆ 17,500. ಅಂಥವನಿಗೆ ಸ್ವಂತ ಗಾಡಿ ಅಂದರೆ ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರ ನಷ್ಟ, ಅದೂ ತಾನೇ ಸ್ಟಿಯರಿಂಗ್ ಹಿಡಿದು ಅಂಗಡಿಯ ಗಲ್ಲಾ ಬೇರೆಯವರ ಕೈಗೆ ಕೊಟ್ಟ ಮೇಲೆ. ದಿನಕ್ಕೆ ಎರಡು ಟ್ರಿಪ್ ಇದ್ದರೆ ಬಾಡಿಗೆ 35,000. ಆಗ ಮನೆಯವರೇ ಓಡಿಸಿದರೆ ಸ್ವಂತ ಗಾಡಿ ಲಾಭ, ಡ್ರೈವರ್ ಇಟ್ಟರೆ ಆಗಲೂ ನಷ್ಟವೇ. ಡ್ರೈವರ್ ಇಟ್ಟುಕೊಂಡೂ ಗಿಟ್ಟಬೇಕು ಅಂದರೆ ಈ ಲೆಕ್ಕದಲ್ಲಿ ದಿನಕ್ಕೆ ಮೂರು ಟ್ರಿಪ್ ಬೇಕು.

“ಬಾಡಿಗೆ ದುಡ್ಡಲ್ಲೇ ಕಂತು ಕಟ್ಟಬಹುದು” ಅನ್ನೋರು ಕಂತು ಒಂದನ್ನೇ ಲೆಕ್ಕ ಹಾಕಿರ್ತಾರೆ. ಈ ಉದಾಹರಣೆಯಲ್ಲಿ ಕಂತು ಒಟ್ಟು ಖರ್ಚಿನ ಅರ್ಧವೂ ಅಲ್ಲ.

ಬಡ್ಡಿಯನ್ನೂ ನೋಡಿ. ಬ್ಯಾಂಕಿನಲ್ಲಿ ಶೇ 12ಕ್ಕೆ ಸಿಗುವ ಅದೇ ಐದು ಲಕ್ಷ, ಖಾಸಗಿ ಫೈನಾನ್ಸ್‌ನಲ್ಲಿ ಶೇ 16 ಅಂದರೆ ಕಂತು 12,159 ಆಗುತ್ತೆ. ತಿಂಗಳಿಗೆ ಸಾವಿರ ಚಿಲ್ಲರೆ ಅಂತ ಅನ್ನಿಸಬಹುದು. ಐದು ವರ್ಷಕ್ಕೆ ಅದು 62,000 ದಾಟುತ್ತೆ. ಐಟಿ ರಿಟರ್ನ್ ಇಲ್ಲ, ಸ್ಥಿರ ವಿಳಾಸ ಇಲ್ಲ, ಜಾಮೀನು ಹಾಕೋರಿಲ್ಲ ಅಂತ ಬ್ಯಾಂಕು ವಾಪಸ್ ಕಳಿಸಿದವರೇ ಶೇ 16ರ ಬಾಗಿಲಿಗೆ ಹೋಗೋದು. ಬಡವನಾಗಿರೋದಕ್ಕೆ ಕಟ್ಟುವ ದಂಡ ಅಂತಲೇ ಇದನ್ನ ಕರೆಯಬೇಕು.

ಭಾರದ ಆಸೆ

ಮುಕ್ಕಾಲು ಟನ್ ಅಂದರೆ ಎಷ್ಟು? 50 ಕಿಲೋದ ಸಿಮೆಂಟ್ ಚೀಲ 15. 25 ಕಿಲೋ ಅಕ್ಕಿ ಚೀಲ 30. ತುಂಬಿದ 20 ಲೀಟರಿನ ನೀರಿನ ಕ್ಯಾನ್ ಸುಮಾರು 35. ಕೋಲಾರದ ಮಾರುಕಟ್ಟೆಯ 15 ಕಿಲೋ ಟೊಮೆಟೊ ಬಾಕ್ಸ್, ಬಾಕ್ಸಿನ ತೂಕ ಬಿಟ್ಟು, 50.

ಇದರ ಎರಡರಷ್ಟು ಹೇರಿಕೊಂಡು ಓಡುವ ಗಾಡಿಗಳನ್ನ ನಾವೆಲ್ಲ ನೋಡಿದ್ದೀವಿ. “ಎಳೆಯುತ್ತಲ್ಲ” ಅಂತಾರೆ. ಎಳೆಯುತ್ತೆ ನಿಜ. ಆದರೆ ಬ್ರೇಕು ಹಿಡಿಯಬೇಕಲ್ಲ? ಪ್ಲೇಟು, ಬೇರಿಂಗು, ಕ್ಲಚ್ಚು ತಾಳಬೇಕಲ್ಲ? ಓವರ್‌ಲೋಡ್ ಹೊಡೆದ ಗಾಡಿ ಮೊದಲ ವರ್ಷ ದುಡ್ಡು ಕೊಡುತ್ತೆ, ಮೂರನೇ ವರ್ಷ ಗ್ಯಾರೇಜಿನಲ್ಲಿ ಆ ದುಡ್ಡನ್ನ ವಾಪಸ್ ಕೇಳುತ್ತೆ. 2019ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000 ಅಂತ ಇದೆ. ನಮ್ಮ ಉದಾಹರಣೆಯ ಪ್ರಕಾರ ಒಂದು ಸಲ ಸಿಕ್ಕಿಬಿದ್ದರೆ ತಿಂಗಳ ಖರ್ಚಿನ ಮುಕ್ಕಾಲು ಪಾಲು ಅಲ್ಲೇ ಹೋಯ್ತು.

ಉಲ್ಟಾ ಸಮಸ್ಯೆಯೂ ಇದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯವರನ್ನ ಕೇಳಿ. ಗಾಡಿ ತುಂಬಿ ಮೇಲಕ್ಕೆ ಬಂದಿರುತ್ತೆ, ತೂಕ ನೋಡಿದರೆ ಏನೂ ಇಲ್ಲ. ಹಾಸಿಗೆ, ಪ್ಲಾಸ್ಟಿಕ್ ಕೊಡ, ಥರ್ಮಾಕೋಲ್ ಮಾರೋರಿಗೂ ಅಷ್ಟೇ. ಇಂಥವರು ಎಷ್ಟು ಕಿಲೋ ಹೊರುತ್ತೆ ಅಂತ ಕೇಳಬಾರದು, ಡೆಕ್ ಎಷ್ಟು ಅಡಿ ಉದ್ದ ಅಂತ ಕೇಳಬೇಕು. ಮಳೆ, ಧೂಳು ತಾಗಬಾರದ ಮಾಲಾದರೆ ಮುಚ್ಚಿದ ವ್ಯಾನ್ ಮೇಲು. ಬೇಕರಿ, ಔಷಧಿ, ಬಟ್ಟೆಗೆ ಅದೇ ಸರಿ. ಆದರೆ ಹಮಾಲರು ಚೀಲವನ್ನ ಬೆನ್ನ ಮೇಲಿಂದ ನೇರ ಇಳಿಸೋಕೆ, ಮೂರು ಕಡೆಯಿಂದ ಲೋಡ್ ಮಾಡೋಕೆ ಓಪನ್ ಬಾಡಿಯೇ ಬೇಕು. ಮುಚ್ಚಿದ ವ್ಯಾನಿನಲ್ಲಿ ಬಗ್ಗಿ ಬಗ್ಗಿ ಚೀಲ ಎಳೆಯೋ ಹಮಾಲನ ಸೊಂಟದ ಬಗ್ಗೆ ಯಾವ ಷೋರೂಮಿನವರೂ ಮಾತಾಡಲ್ಲ.

ಸಣ್ಣವರಿಗೆ ಸಲ್ಲದ ನಿಯಮಗಳು

ಇಲ್ಲಿಂದ ಮುಂದೆ ರಾಜಕೀಯ.

ಮೊದಲು ವಿಮೆ. ಥರ್ಡ್ ಪಾರ್ಟಿ ಪ್ರೀಮಿಯಂ ಎಷ್ಟು ಅಂತ ತೀರ್ಮಾನ ಮಾಡೋದು ಸರ್ಕಾರ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ 7,500 ಕಿಲೋವರೆಗಿನ ಎಲ್ಲಾ ಬಾಡಿಗೆ ಸರಕು ವಾಹನಗಳಿಗೂ ಒಂದೇ ದರ: ವರ್ಷಕ್ಕೆ 16,049 ರೂಪಾಯಿ. ಒಂದೂವರೆ ಟನ್ ಆಸುಪಾಸಿನ ಏಸ್‌ಗೂ ಅಷ್ಟೇ, ಏಳು ಟನ್ನಿನ ಲಾರಿಗೂ ಅಷ್ಟೇ. ಅದೇ ಪಟ್ಟಿಯಲ್ಲಿ ಮೂರು ಚಕ್ರದ ಸರಕು ಆಟೋಗೆ 4,492. 1,000ರಿಂದ 1,500 ಸಿಸಿ ನಡುವಿನ ಖಾಸಗಿ ಕಾರಿಗೆ 3,416. ಸರಕು ವಾಹನಗಳ ಅಪಘಾತದ ಪರಿಹಾರ ಮೊತ್ತ ಜಾಸ್ತಿ ಅನ್ನೋದು ವಿಮಾ ಕಂಪನಿಗಳ ವಾದ. ಇರಬಹುದು. ಆದರೆ ಅತಿ ಚಿಕ್ಕ ಗಾಡಿಯನ್ನ ಅದರ ನಾಲ್ಕೈದು ಪಟ್ಟು ತೂಕದ ಲಾರಿಯ ಜೊತೆ ಒಂದೇ ಗುಂಪಿಗೆ ಹಾಕಿದ್ದು ಯಾಕೆ? ನಡುವೆ ಇನ್ನೊಂದು ಹಂತ ಮಾಡೋಕೆ ಏನು ಕಷ್ಟ?

ಎರಡನೆಯದು ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಒಳ್ಳೇದು. ಆದರೆ ಇದರಲ್ಲೊಂದು ಸೂಕ್ಷ್ಮ ಇದೆ. ಸರಕು ವಾಹನದ ಮೇಲೆ ಕಟ್ಟಿದ ಜಿಎಸ್‌ಟಿಯನ್ನ ರೆಗ್ಯುಲರ್ ನೋಂದಣಿ ಇರುವ ವ್ಯಾಪಾರಿ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಬಹುದು. ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರಿಗೂ, ನೋಂದಣಿಯೇ ಇಲ್ಲದ ತೀರಾ ಸಣ್ಣವರಿಗೂ ಆ ಸೌಲಭ್ಯ ಇಲ್ಲ. ನಾಲ್ಕು ಲಕ್ಷ ಮೂಲಬೆಲೆಯ ಗಾಡಿಗೆ ತೆರಿಗೆ 72,000. ದೊಡ್ಡ ಡಿಸ್ಟ್ರಿಬ್ಯೂಟರ್‌ಗೆ ಆ ದುಡ್ಡು ಲೆಕ್ಕದಲ್ಲಿ ವಾಪಸ್ ಬರುತ್ತೆ, ಸೊಪ್ಪು ಮಾರುವ ಹೆಂಗಸಿಗೆ ಅದು ಕೈಬಿಟ್ಟು ಹೋದ ದುಡ್ಡು. ಒಂದೇ ಗಾಡಿಗೆ ಇಬ್ಬರು ಎರಡು ಬೆಲೆ ಕೊಟ್ಟ ಹಾಗಾಯ್ತು. ನಿಮ್ಮ ಮನೆಯ ವ್ಯಾಪಾರಕ್ಕೆ ರೆಗ್ಯುಲರ್ ನೋಂದಣಿ ಇದ್ದರೆ, ಗಾಡಿ ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸೋದನ್ನ ಮರೀಬೇಡಿ. ಮನೆಯವರ ಹೆಸರಲ್ಲಿ ಬಿಲ್ ಮಾಡಿಸಿ ಈ ದುಡ್ಡು ಬಿಟ್ಟುಕೊಟ್ಟವರು ಬಹಳ ಜನ.

ಮೂರನೆಯದು ಇಂಧನ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ಒಳಗೆ ಬಂದಿಲ್ಲ, ಹಾಗಾಗಿ ಅದರ ಮೇಲಿನ ತೆರಿಗೆಗೆ ಕ್ರೆಡಿಟ್ಟೂ ಇಲ್ಲ. ಕೇಂದ್ರದ ಅಬಕಾರಿ ಸುಂಕ ಒಂದು ಕಡೆ. ಇನ್ನೊಂದು ಕಡೆ ನಮ್ಮ ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ 14.3ರಿಂದ 18.4ಕ್ಕೆ, ಪೆಟ್ರೋಲ್ ಮೇಲಿನದ್ದನ್ನ ಶೇ 25.92ರಿಂದ 29.84ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಶೇ 21.17 ಆಯ್ತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಮಾಡಿದರು. ಲಾರಿ ಮಾಲೀಕರಿಗೆ ಸಂಘ ಇದೆ, ಮುಷ್ಕರ ಮಾಡಿದರೆ ಮಂತ್ರಿ ಕರೆದು ಮಾತಾಡ್ತಾರೆ. ಒಂದೇ ಒಂದು ಛೋಟಾ ಹಾಥಿ ಇಟ್ಟುಕೊಂಡವನು ಯಾರ ಜೊತೆ ಮುಷ್ಕರ ಕೂರಬೇಕು? ಅವತ್ತಿನ ಬಾಡಿಗೆ ಬಿಟ್ಟರೆ ಅವತ್ತಿನ ಅಡುಗೆಯೂ ಇಲ್ಲ. ಗ್ಯಾರಂಟಿ ಯೋಜನೆಗಳನ್ನ ಸಮರ್ಥಿಸುವ ನಾನು ಕೂಡ ಇದನ್ನ ಹೇಳಲೇಬೇಕು: ಡೀಸೆಲ್ ತೆರಿಗೆ ಉಳ್ಳವರನ್ನೂ ಇಲ್ಲದವರನ್ನೂ ನೋಡಿ ಬೀಳಲ್ಲ.

ನಾಲ್ಕನೆಯದು ಎಲೆಕ್ಟ್ರಿಕ್ ಸಬ್ಸಿಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರದ 10,900 ಕೋಟಿಯ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಎಲೆಕ್ಟ್ರಿಕ್ ದ್ವಿಚಕ್ರ, ತ್ರಿಚಕ್ರ, ಬಸ್ಸು ಎಲ್ಲಾ ಇವೆ. ಲಾರಿಗಳೂ ಇವೆ, ಆದರೆ 3.5 ಟನ್‌ಗಿಂತ ಮೇಲಿನವು. ನಾವು ಮಾತಾಡ್ತಿರುವ ಪುಟ್ಟ ನಾಲ್ಕು ಚಕ್ರದ ಗಾಡಿ ನಡುವಿನ ಸಂದಿಯಲ್ಲಿ ಬಿದ್ದುಹೋಗಿದೆ.

ಹಾಗಂತ ಎಲೆಕ್ಟ್ರಿಕ್ ಬೇಡ ಅಂತಲ್ಲ. 100 ಕಿ.ಮೀ.ಗೆ 20 ಯುನಿಟ್, ಯುನಿಟ್‌ಗೆ 8 ರೂಪಾಯಿ ಅಂತ ಧಾರಾಳವಾಗಿ ಹಿಡಿದರೂ 1,500 ಕಿ.ಮೀ.ಗೆ 2,400 ರೂಪಾಯಿ. ಪೆಟ್ರೋಲಿಗೆ ನಾವು ಹಿಡಿದದ್ದು 10,000. ತಿಂಗಳಿಗೆ 7,600 ಉಳಿಯುತ್ತೆ. ಬೆಲೆಯ ವ್ಯತ್ಯಾಸ 2.51 ಲಕ್ಷ ಅಂದರೆ, ಬಡ್ಡಿ ಬಿಟ್ಟು, 33 ತಿಂಗಳಲ್ಲಿ ಹೊಂದಿಕೆಯಾಗುತ್ತೆ. ದಿನಕ್ಕೆ 30 ಕಿ.ಮೀ. ಮಾತ್ರ ಓಡುವವರಿಗೆ ಅದೇ ಐದೂವರೆ ವರ್ಷ ಬೇಕು, ಅಷ್ಟರಲ್ಲಿ ಸಾಲವೇ ತೀರಿರುತ್ತೆ. ಸ್ವಂತ ಜಾಗದಲ್ಲಿ ರಾತ್ರಿ ಚಾರ್ಜಿಗೆ ಹಾಕೋಕೆ ಆಗೋರಿಗೆ, ದಿನಾ ಒಂದೇ ಲೈನಿನಲ್ಲಿ ಜಾಸ್ತಿ ಓಡೋರಿಗೆ ಇದು ಸರಿ. ಬಾಡಿಗೆ ಮನೆಯಲ್ಲಿದ್ದು ಗಾಡಿಯನ್ನ ರಸ್ತೆಬದಿ ನಿಲ್ಲಿಸೋರು ಎಲ್ಲಿಂದ ವೈರ್ ಎಳೀಬೇಕು?

‘ಓನರ್’ ಅನ್ನೋ ಹೆಸರು

ಸ್ವಂತ ವ್ಯಾಪಾರಕ್ಕೆ ಗಾಡಿ ಕೊಳ್ಳೋರ ಜೊತೆಗೆ, ಗಾಡಿಯನ್ನೇ ವ್ಯಾಪಾರ ಮಾಡಿಕೊಳ್ಳುವ ಯುವಕರಿದ್ದಾರೆ. ಪ.ಜಾತಿ, ಪ.ಪಂಗಡದ ನಿರುದ್ಯೋಗಿಗಳಿಗೆ ರಾಜ್ಯದ ‘ಸ್ವಾವಲಂಬಿ ಸಾರಥಿ’ ಯೋಜನೆಯಲ್ಲಿ ಗಾಡಿ ಬೆಲೆಯ ಶೇ 75, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ ಇದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ತಲೆಮಾರುಗಳಿಂದ ಬೇರೆಯವರ ಭಾರ ಹೊತ್ತ ಸಮುದಾಯದ ಹುಡುಗನ ಕೈಗೆ ಸ್ಟಿಯರಿಂಗ್ ಬರೋದು ಸಣ್ಣ ಸಂಗತಿ ಅಲ್ಲ. ಇಷ್ಟು ಸಹಾಯಧನ ಸಿಕ್ಕರೆ ಮೇಲಿನ ಲೆಕ್ಕವೂ ಪೂರ್ತಿ ಬದಲಾಗುತ್ತೆ. ಆದರೆ ಅರ್ಜಿ ಹಾಕಿದವರಿಗೂ ಗಾಡಿ ಸಿಕ್ಕವರಿಗೂ ನಡುವೆ ಬಹಳ ದೂರ ಇದೆ. ಸಿಕ್ಕ ಮೇಲೂ ಗಾಡಿಗೆ ಲೋಡ್ ಯಾರು ಕೊಡ್ತಾರೆ ಅನ್ನೋ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರ ಇಲ್ಲ.

ಆ ಉತ್ತರ ಈಗ ಆ್ಯಪ್‌ಗಳ ಕೈಯಲ್ಲಿದೆ. 2014ರಲ್ಲಿ ಶುರುವಾದ ಪೋರ್ಟರ್‌ನಂಥ ವೇದಿಕೆಗಳು ಸಣ್ಣ ವ್ಯಾಪಾರಿಗೆ ನಿಜಕ್ಕೂ ಅನುಕೂಲ ಮಾಡಿವೆ. ಫೋನ್ ಒತ್ತಿದರೆ ಗಾಡಿ ಬರುತ್ತೆ, ದರ ಮೊದಲೇ ಗೊತ್ತಾಗುತ್ತೆ. ಗಾಡಿ ಕೊಳ್ಳದೇ ಇರೋದಕ್ಕೆ ಇದೇ ಒಳ್ಳೆ ಕಾರಣ. ಆದರೆ ನಮ್ಮ ಅನುಕೂಲದ ಇನ್ನೊಂದು ತುದಿಯಲ್ಲಿ ಒಬ್ಬ ‘ಓನರ್ ಕಮ್ ಡ್ರೈವರ್’ ಇದ್ದಾನೆ. ಗಾಡಿ ಅವನದು, ಸಾಲ ಅವನದು, ಟೈರ್ ಸವೆತ ಅವನದು, ಪೊಲೀಸ್ ದಂಡವೂ ಅವನದು. ದರ ಹೇಳೋದು ಮಾತ್ರ ಆ್ಯಪು. ಹಳೆ ಸ್ಟ್ಯಾಂಡಿನಲ್ಲಿ ಬಾಡಿಗೆ ಕುದುರಿಸುವಾಗ ಒಂದಿಷ್ಟು ಚೌಕಾಸಿ ಮಾಡುವ ಬಲ ಡ್ರೈವರ್‌ಗೆ ಇತ್ತು. ಆ ಬಲ ಈಗ ಇಲ್ಲ.

ಈ ವಿಚಾರದಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದಿಟ್ಟಿದೆ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆಯ ಪಟ್ಟಿಯಲ್ಲಿ ಸರಕು ಸಾಗಣೆ ಸೇವೆಯೂ ಇದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನ ಕಂಪನಿಗಳು ಕ್ಷೇಮನಿಧಿಗೆ ಕಟ್ಟಬೇಕು. ಕಾರಣ ಕೊಡದೆ, 14 ದಿನದ ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಕನಿಷ್ಠ ದರದ ಖಾತ್ರಿ ಮಾತ್ರ ಇದರಲ್ಲಿ ಇಲ್ಲ. ಏಸ್ ಓಡಿಸುವ ನಿಮ್ಮ ಗೆಳೆಯನನ್ನ ಕೇಳಿ, ಈ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ. ಕಾನೂನು ಬಂದಿದೆ ಅನ್ನೋದೇ ಬಹಳ ಜನರಿಗೆ ಗೊತ್ತಿಲ್ಲ.

ಸರಕಿನ ಜೊತೆ ಜನ

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲ್ಲೂಕಿನ ಹೆದ್ದಾರಿಯಲ್ಲಿ ಒಂದು ಲಾರಿ ಉರುಳಿಬಿತ್ತು. ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟಿದ್ದ ಲಾರಿ ಅದು. ಹೂಡೆಯ ಮೇಲೆ ಕೂತು ಹೋಗುತ್ತಿದ್ದವರೆಲ್ಲ ಆ ಮಾಲಿನ ಸಣ್ಣ ವ್ಯಾಪಾರಿಗಳು. ಕನಿಷ್ಠ 10 ಜನ ಸತ್ತರು.

ಅದು ಲಾರಿ, ನಮ್ಮ ಪುಟ್ಟ ಗಾಡಿಯಲ್ಲ. ಆದರೆ ಕಾರಣ ಅದೇ. ಒಬ್ಬೊಬ್ಬರ ಹತ್ತಿರ ಒಂದು ಗಾಡಿಯಷ್ಟು ಮಾಲಿಲ್ಲ, ಬಸ್ಸಿನಲ್ಲಿ ಅಷ್ಟು ಮಾಲಿಗೆ ಜಾಗವಿಲ್ಲ, ಹಾಗಾಗಿ ಎಲ್ಲರೂ ಸೇರಿ ಒಂದು ಗಾಡಿ ಮಾಡ್ತಾರೆ, ಮಾಲಿನ ಮೇಲೆ ತಾವೂ ಕೂರ್ತಾರೆ. ಕೂಲಿಗೆ ಹೋಗುವ ಹೆಂಗಸರನ್ನ ನಿಲ್ಲಿಸಿಕೊಂಡು ಹೋಗುವ ಏಸ್‌ಗಳನ್ನ ನಾವು ದಿನಾ ನೋಡ್ತೀವಿ. ಸರಕು ಗಾಡಿಯಲ್ಲಿ ಮಾಲಿನ ಜೊತೆಗೆ ಹೋಗುವ ಮಾಲೀಕನನ್ನ ಅಥವಾ ಅವನ ಪ್ರತಿನಿಧಿಯನ್ನ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆ ಒಳಗೊಳ್ಳುತ್ತೆ. ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರನ್ನ ಒಳಗೊಳ್ಳಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಅಪಘಾತವಾದರೆ ಪರಿಹಾರದ ಹೊಣೆ ಗಾಡಿ ಮಾಲೀಕನ ತಲೆಗೆ ಬರಬಹುದು. ಅವನ ಹತ್ತಿರ ಗಾಡಿ ಬಿಟ್ಟು ಬೇರೇನೂ ಇರಲ್ಲ, ಆ ಗಾಡಿಯೂ ಫೈನಾನ್ಸ್‌ನವರದ್ದು. ಕೊನೆಗೆ ಸತ್ತವರ ಮನೆಗೂ ಏನೂ ಸಿಗಲ್ಲ, ಮಾಲೀಕನ ಮನೆಯೂ ಉಳಿಯಲ್ಲ.

ಇದಕ್ಕೆ ದಂಡ ಹಾಕೋದೊಂದೇ ಪರಿಹಾರ ಅಲ್ಲ. ಸಂತೆ ದಿನ ಮಾಲಿಗೂ ಜನಕ್ಕೂ ಜಾಗ ಇರುವ ಬಸ್ಸು ಬಿಡೋದು ಸಾರಿಗೆ ನಿಗಮಕ್ಕೆ ಆಗದ ಕೆಲಸವಾ?

ಹಾಗಾದರೆ ಏನು ಮಾಡಬೇಕು?

ಗಾಡಿ ಕೊಳ್ಳಬೇಕು ಅನ್ನೋ ಯೋಚನೆ ನಿಮ್ಮ ಮನೆಯಲ್ಲಿ ನಡೀತಿದ್ದರೆ, ಒಂದು ತಿಂಗಳು ತಡೀರಿ. ಒಂದು ನೋಟ್‌ಬುಕ್ ಇಟ್ಟು ದಿನಾ ಬರೀರಿ: ಎಷ್ಟು ಟ್ರಿಪ್, ಎಷ್ಟು ದೂರ, ಎಷ್ಟು ತೂಕ, ಬಾಡಿಗೆ ಎಷ್ಟು, ಗಾಡಿ ತಡವಾಗಿ ಹಾಳಾದ ಮಾಲು ಎಷ್ಟು. ತಿಂಗಳ ಕೊನೆಗೆ ಬಾಡಿಗೆ ಮತ್ತು ಹಾಳಾದ ಮಾಲಿನ ಮೊತ್ತ ಸೇರಿಸಿ, ನಿಮ್ಮೂರಿನ ದರದಲ್ಲಿ ಸ್ವಂತ ಗಾಡಿಯ ಪೂರ್ತಿ ಖರ್ಚಿನ ಪಕ್ಕಕ್ಕಿಡಿ. ಯಾರು ಓಡಿಸ್ತಾರೆ ಅನ್ನೋದಕ್ಕೆ ಹೆಸರು ಸಮೇತ ಉತ್ತರ ಇರಲಿ. “ಮಿಕ್ಕ ಟೈಮಲ್ಲಿ ಬಾಡಿಗೆಗೆ ಬಿಟ್ಟರಾಯ್ತು” ಅನ್ನೋ ಆದಾಯವನ್ನ ಲೆಕ್ಕಕ್ಕೆ ಹಿಡೀಬೇಡಿ. ಬಂದರೆ ಬಂತು.

ದಿನಕ್ಕೊಂದೇ ಟ್ರಿಪ್ ಇದ್ದರೆ ಬಾಡಿಗೆ ಗಾಡಿಯೇ ಸಾಕು. ಅದೇ ಬೀದಿಯ ಎರಡು ಮೂರು ಅಂಗಡಿಯವರು ಸೇರಿ ಒಂದೇ ಗಾಡಿಗೆ ತಿಂಗಳ ಲೆಕ್ಕದಲ್ಲಿ ಮಾತಾಡಿಕೊಂಡರೆ ದರವೂ ಇಳಿಯುತ್ತೆ, ಡ್ರೈವರ್‌ಗೂ ಖಾತ್ರಿ ಕೆಲಸ ಸಿಗುತ್ತೆ. ಎರಡು ಟ್ರಿಪ್ ಇದ್ದು ಮನೆಯಲ್ಲೇ ಓಡಿಸೋರಿದ್ದರೆ ಧೈರ್ಯವಾಗಿ ಕೊಳ್ಳಿ. ಹಳೇ ಗಾಡಿ ನೋಡುವವರು ಒಂದು ವಿಷಯ ಗಮನದಲ್ಲಿಡಿ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಇರುವ ಎಫ್‌ಸಿ, ಆಮೇಲೆ ಪ್ರತಿ ವರ್ಷ ಮಾಡಿಸಬೇಕಾಗುತ್ತೆ. ಹಳೇ ಸಾಲದ ಹೈಪೋಥಿಕೇಷನ್ ಆರ್‌ಸಿಯಿಂದ ತೆಗೆಸಿದ್ದಾರಾ ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ.

ಇನ್ನು ನಾವು ಕೇಳಬೇಕಾದ್ದು. ಎರಡು ಟನ್ ಒಳಗಿನ ಸರಕು ವಾಹನಕ್ಕೆ ಪ್ರತ್ಯೇಕ ವಿಮಾ ದರ. ನೋಂದಣಿ ಇಲ್ಲದ, ಕಾಂಪೊಸಿಷನ್‌ನಲ್ಲಿರುವ ವ್ಯಾಪಾರಿಯ ಮೊದಲ ಗಾಡಿಗೆ ತೆರಿಗೆ ವಾಪಸಾತಿ. ಎಲೆಕ್ಟ್ರಿಕ್ ಸಬ್ಸಿಡಿಯಲ್ಲಿ ಪುಟ್ಟ ಗಾಡಿಗೂ ಪಾಲು. ಪೇಟೆ ಬೀದಿಗಳಲ್ಲಿ ಲೋಡಿಂಗ್‌ಗೆ ಅಂತ ಗುರುತು ಹಾಕಿದ ಜಾಗ. ಆ್ಯಪ್ ಟ್ರಿಪ್‌ಗೆ ಕಿಲೋಮೀಟರ್ ಲೆಕ್ಕದಲ್ಲಿ ಕನಿಷ್ಠ ದರ. ಇವುಗಳಲ್ಲಿ ಯಾವುದಕ್ಕೂ ಫ್ಲೈಓವರ್ ಕಟ್ಟುವಷ್ಟು ದುಡ್ಡು ಬೇಕಿಲ್ಲ.

ಸ್ಥಳೀಯ ಸಂಸ್ಥೆಯ ಚುನಾವಣೆಗೆ ನಿಮ್ಮ ವಾರ್ಡಿಗೆ ಓಟು ಕೇಳಿಕೊಂಡು ಬರುವವರ ಹಿಂದೆ ಧ್ವನಿವರ್ಧಕ ಕಟ್ಟಿಕೊಂಡು ಬರುವುದೂ ಇದೇ ಟಾಟಾ ಏಸ್. ಅವತ್ತು ಆ ಗಾಡಿಯ ಡ್ರೈವರ್‌ನ ಪಕ್ಕ ನಿಂತುಕೊಂಡೇ ಅಭ್ಯರ್ಥಿಗೆ ಈ ಪಟ್ಟಿ ಕೊಡಿ. ಲೋಡಿಂಗ್ ಜಾಗದ ಪ್ರಶ್ನೆಯನ್ನ ಮೊದಲು ಕೇಳಿ. ಅದೊಂದಕ್ಕೆ ದಿಲ್ಲಿಯ ಕಡೆಗೆ ಕೈತೋರಿಸಿ ತಪ್ಪಿಸಿಕೊಳ್ಳೋಕೆ ಅವರಿಗೆ ಆಗಲ್ಲ.